ಮುಪ್ಪಿನವರ ಶುಶ್ರೂಷೆಯೂ ಸರಕಾರದ ಹೊಣೆಯೂ

ಉಡುಪಿಯಿಂದ ಸಂತೆಕಟ್ಟೆ, ನೇಜಾರು, ಕೆಮ್ಮಣ್ಣುಗಳ ಮಾರ್ಗವಾಗಿ ಪಡುವಣಕ್ಕೆ ಹೋದರೆ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಹೂಡೆ ಸಿಕ್ಕುವುದು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸ್ವರ್ಣಾ ನದಿ. ನಡುವೆ ತೆಂಗಿನ ತೋಟಗಳಿಂದ ತುಂಬಿದ ಮರಳ ನೆಲ. ತುಳು, ಕೊಂಕಣಿ, ಉರ್ದು, ಕನ್ನಡಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಊರು. ಹಿಂದೆ ಇಲ್ಲಿಯ ಗಂಡಸರು ಬೊಂಬಾಯಿಗೆ ಹೋದರು. ಬಳಿಕ ಅವರ ಮಕ್ಕಳು ದುಬೈ, ಮಸ್ಕತ್ತು, ಕುವೈತುಗಳಿಗೆ ಹೋದರು. ಈಗ ಮೊಮ್ಮಕ್ಕಳು ಬೆಂಗಳೂರಿಗೂ ಕೆನಡಕ್ಕೂ ಹೋಗುತ್ತಿದ್ದಾರೆ. ಅವರು ಕಳುಹಿಸಿದ ಹಣದಿಂದ ಎದ್ದ ಮನೆಗಳು ಚೆನ್ನಾಗಿವೆ. ಗೋಡೆಗೆ ಸುಣ್ಣಬಣ್ಣವಿದೆ, ಗೇಟಿಗೆ ಬೀಗವಿದೆ. ಮಧ್ಯಾಹ್ನದ ಹೊತ್ತು ಇಂಥ ಒಂದು ಮನೆಯ ಚಾವಡಿಯಲ್ಲಿ ಇಣಿಕಿ ನೋಡಿದರೆ ಅಲ್ಲಿ ಬಹಳ ಸಲ ಕಾಣಿಸುವುದು ಒಬ್ಬ ಮುದುಕಿ, ಅಥವಾ ಒಬ್ಬ ಮುದುಕ ಮತ್ತು ಒಬ್ಬ ಮುದುಕಿ. ಮನೆಗೆ ಬಡತನವಿಲ್ಲ, ಮನೆಯಲ್ಲಿ ಜನವಿಲ್ಲ.

ಇದು ಹೂಡೆಯೊಂದರ ಸಂಗತಿಯಲ್ಲ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರೆಂದು ಲೆಕ್ಕ ಸಿಕ್ಕಿತು. ರಾಜ್ಯದಲ್ಲಿ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇರೆ ಜಿಲ್ಲೆಯಲ್ಲಿ ಕಾಣಲಿಲ್ಲ. ಇದನ್ನು ಸ್ತ್ರೀಯರಿಗೆ ಸಂದ ಗೌರವವೆಂದು ಸಭೆಗಳಲ್ಲಿ ಹೇಳಿ ಕೈಚಪ್ಪಾಳೆ ಪಡೆದವರನ್ನು ನಾವು ಕಂಡಿದ್ದೇವೆ. ಗೌರವದ ಪಾಲು ಅದರಲ್ಲಿ ಎಷ್ಟಿದೆಯೋ ಅರಿಯೆವು. ಊರು ಬಿಟ್ಟು ಹೋದ ಗಂಡಸರ ಪಾಲಂತೂ ಅದರಲ್ಲಿ ದೊಡ್ಡದಾಗಿದೆ. ಅದೇ ಗಣತಿಯಲ್ಲಿ ಭಾರತದೊಳಗೆ 60 ವರ್ಷ ಮೀರಿದವರು 10 ಕೋಟಿಗೂ ಹೆಚ್ಚು ಮಂದಿ ಇದ್ದರು. ಆ ಸಂಖ್ಯೆ ಅಂದಿನಿಂದ ಬೆಳೆದಿದೆಯೇ ಹೊರತು ಕುಗ್ಗಿಲ್ಲ.

ಈ ವಿಷಯವನ್ನು ಇಂದು ಬರೆಯುವುದಕ್ಕೆ ನಮಗೊಂದು ಸ್ವಂತದ ಕಾರಣವಿದೆ. ಸಂಪಾದಕನು ಮನೆಯ ಮಾತನ್ನು ಅಂಕಣಕ್ಕೆ ತರಬಾರದೆಂಬ ನಿಯಮವನ್ನು ನಾವು ಈ ವರೆಗೆ ಪಾಲಿಸಿ ಬಂದವರೇ. ಆದರೆ ಈ ಮಾತು ನಮ್ಮ ಮನೆಯದೊಂದೇ ಅಲ್ಲವೆಂದು ತಿಳಿದ ಮೇಲೆ ಮೌನವು ಮರ್ಯಾದೆಯಾಗಿ ತೋರುವುದಿಲ್ಲ.

ನಮ್ಮ ಸೋದರತ್ತೆಯವರು ಹೂಡೆಯಲ್ಲಿ ಒಬ್ಬರೇ ಇದ್ದರು. ಇಬ್ಬರು ಗಂಡುಮಕ್ಕಳು, ಒಬ್ಬನು ಕೊಲ್ಲಿಯಲ್ಲಿ, ಒಬ್ಬನು ಮುಂಬಯಿಯಲ್ಲಿ. ಇಬ್ಬರೂ ಒಳ್ಳೆಯವರು, ತಿಂಗಳು ತಪ್ಪದೆ ಹಣ ಕಳುಹಿಸುವವರು, ದಿನ ತಪ್ಪದೆ ಫೋನು ಮಾಡುವವರು. ಮಳೆಗಾಲದ ಒಂದು ಬೆಳಗ್ಗೆ ಅತ್ತೆಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆ ನಿರಾತಂಕವಾಗಿ ನಡೆಯಿತು. ನಮ್ಮ ಜಿಲ್ಲೆಯಲ್ಲಿ ವೈದ್ಯರಿಗೂ ಆಸ್ಪತ್ರೆಗಳಿಗೂ ಬರಗಾಲವಿಲ್ಲ. ಹನ್ನೊಂದನೆಯ ದಿನ ಮನೆಗೆ ಕರೆದುಕೊಂಡು ಹೋಗಬಹುದೆಂದು ಹೇಳಿದರು. ಕಷ್ಟವು ಪ್ರಾರಂಭವಾದುದು ಆ ದಿನವೇ. ಎಲುಬು ಕೂಡಿಸುವವರು ಇದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವವರು ಇರಲಿಲ್ಲ. ಏಜೆನ್ಸಿಯ ಮೂಲಕ ಹೋಂ ನರ್ಸ್ ಬಂದಳು. ಏಳು ತಿಂಗಳಲ್ಲಿ ನಾಲ್ಕು ಮಂದಿ ಬದಲಾದರು. ಹೋಂ ನರ್ಸ್ ಎಂಬ ಹೆಸರು ಹೊತ್ತು ಬಂದ ಆ ಹುಡುಗಿಯರಲ್ಲಿ ನರ್ಸಿಂಗ್ ಕಲಿತವಳು ಒಬ್ಬಳೂ ಇರಲಿಲ್ಲ. ಘಟ್ಟದ ಮೇಲಿನ ಯಾವುದೋ ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದ ಬಡವರು ಅವರು. ನಾವು ಕೊಟ್ಟ ಹಣದಲ್ಲಿ ಅವರ ಕೈಸೇರುತ್ತಿದ್ದುದೆಷ್ಟೆಂದು ಕೇಳಿ ತಿಳಿದಾಗ ನಮಗೆ ನಾಚಿಕೆಯಾಯಿತು. ಕೊನೆಗೆ ಮಕ್ಕಳೊಡನೆ ಆಲೋಚಿಸಿ, ಅತ್ತೆಯವರನ್ನು ಪೇಟೆಯೊಂದರ ಖಾಸಗಿ ಆರೈಕೆಯ ಮನೆಗೆ ಸೇರಿಸಿದೆವು. ಸೇರಿಸುವ ಕಾಗದಕ್ಕೆ ಸಹಿ ಹಾಕಿದವರು ನಾವೇ.

ಆರು ವಾರಗಳ ಬಳಿಕ ಒಂದು ದಿನ ಹೇಳದೆ ಕೇಳದೆ ಹೊತ್ತು ಮೂಡುವ ಮುಂಚೆ ಅಲ್ಲಿಗೆ ಹೋದೆವು. ಅತ್ತೆಯವರ ಎಡಗೈಯನ್ನು ಹಳೆಯ ಸೀರೆಯ ತುಂಡಿನಿಂದ ಮಂಚದ ಸರಳಿಗೆ ಕಟ್ಟಿದ್ದರು. "ಮಗಾ, ಈ ಗಂಟೊಂದು ಬಿಚ್ಚು" ಎಂದರು. ಬೇರೆ ಮಾತಿಲ್ಲ. ಅಲ್ಲಿಯ ಮೇಲ್ವಿಚಾರಕಿಯನ್ನು ಕೇಳಿದಾಗ ಆಕೆ ಸಿಟ್ಟಾಗಲಿಲ್ಲ, ಹೆದರಲೂ ಇಲ್ಲ. ರಾತ್ರಿ ಎದ್ದು ಬಿದ್ದರೆ ಮನೆಯವರು ನಮ್ಮನ್ನೇ ದೂರುವಿರಲ್ಲ, ಇಪ್ಪತ್ತು ಮಂದಿಗೆ ಇರುಳಲ್ಲಿ ಇರುವವಳು ನಾನೊಬ್ಬಳೇ ಎಂದು ಶಾಂತವಾಗಿ ಹೇಳಿದಳು. ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಅದೇ ದಿನ ಅತ್ತೆಯವರನ್ನು ಹೂಡೆಗೆ ಮರಳಿ ಕರೆತಂದೆವು. ಎರಡು ವರ್ಷ ಬದುಕಿ ಅಲ್ಲಿಯೇ ತೀರಿಕೊಂಡರು.

ಆ ಬಳಿಕ ನಾವು ಒಂದು ಸರಳವಾದ ಪ್ರಶ್ನೆಗೆ ಉತ್ತರವನ್ನು ಹುಡುಕಿದೆವು. ಇಂಥ ಮನೆಯೊಂದನ್ನು ತೆರೆಯಲು ಯಾರ ಅಪ್ಪಣೆ ಬೇಕು? ಅದನ್ನು ಬಂದು ನೋಡುವ ಅಧಿಕಾರಿ ಯಾರು?

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಬೇಕು. ನಮ್ಮ ಪೇಟೆಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಶಸ್ತ್ರಕ್ರಿಯೆಗಳು ನಡೆಯುವ ಸಣ್ಣ ಖಾಸಗಿ ಆಸ್ಪತ್ರೆ. ವಿಲಾಯತಿಯಲ್ಲಿಯೂ ಅಮೆರಿಕದಲ್ಲಿಯೂ ಅದೇ ಮಾತಿಗೆ ಅರ್ಥ ಬೇರೆ. ತಮ್ಮನ್ನು ತಾವು ನೋಡಿಕೊಳ್ಳಲಾರದ ವೃದ್ಧರು ದಾದಿಯರ ಆರೈಕೆಯಲ್ಲಿ ವಾಸಿಸುವ ಮನೆ. ನಮ್ಮ ನರ್ಸಿಂಗ್ ಹೋಮುಗಳಿಗೆ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಇದೆ; 2017ರಲ್ಲಿ ವೈದ್ಯರ ದೊಡ್ಡ ಮುಷ್ಕರದ ನಡುವೆಯೂ ಅದನ್ನು ತಿದ್ದಿ ಬಿಗಿಮಾಡಲಾಯಿತು. ಆದರೆ ಆ ಕಾಯಿದೆಯ ಹಿಡಿತವಿರುವುದು ರೋಗಪರೀಕ್ಷೆಯೂ ಚಿಕಿತ್ಸೆಯೂ ನಡೆಯುವ ಸ್ಥಳಗಳ ಮೇಲೆ. ನಾವು ಚಿಕಿತ್ಸೆ ಕೊಡುವುದಿಲ್ಲ, ಬರಿಯ ಊಟ ವಸತಿ ಆರೈಕೆ ಎಂದು ಹೇಳುವವನು ಅದರ ಬೇಲಿಯ ಹೊರಗೆ ನಿಲ್ಲುವುದು ಸುಲಭ. ವೃದ್ಧಾಶ್ರಮವೆಂದರೆ ಇನ್ನೂ ಬೇರೆ. ನಡೆದಾಡಬಲ್ಲ ದಿಕ್ಕಿಲ್ಲದವರಿಗೆ ಅನ್ನ ಹಾಕುವ ಧರ್ಮಕಾರ್ಯವೆಂದೇ ನಮ್ಮ ಜನ ಅದನ್ನು ತಿಳಿದಿದ್ದಾರೆ. ಹಾಸಿಗೆ ಹಿಡಿದ, ನೆನಪು ಅಳಿದ, ಆದರೆ ಸಾಯುತ್ತಿಲ್ಲದ ಮನುಷ್ಯನು ಈ ಮೂರರೊಳಗೂ ಸೇರದೆ ಉಳಿಯುತ್ತಾನೆ.

ಹಾಗಾದರೆ ವೃದ್ಧರಿಗಾಗಿಯೇ ಕಾಯಿದೆಯಿಲ್ಲವೆ? ಇದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆಯನ್ನು ಕೇಂದ್ರ ಸರಕಾರವು 2007ರಲ್ಲಿ ಮಾಡಿತು. ಅದನ್ನು ನಾವು ಆದ್ಯಂತ ಓದಿದೆವು. ಮಕ್ಕಳ ಕರ್ತವ್ಯವನ್ನು ಹೇಳುವಲ್ಲಿ ಅದರ ಭಾಷೆ ನಿಷ್ಠುರವಾಗಿದೆ. ಪೋಷಿಸದ ಮಗನಿಂದ ತಿಂಗಳಿಗೆ 10,000 ರೂಪಾಯಿಗೆ ಮೀರದಂತೆ ಜೀವನಾಂಶ ಕೊಡಿಸಬಹುದು. ಆರೈಕೆಯ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಆರೈಕೆ ತಪ್ಪಿದರೆ ಅನೂರ್ಜಿತವೆಂದು ಸಾರಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಉದಾರವಾಗಿ ಓದತಕ್ಕದ್ದೆಂದು ತೀರ್ಪು ಕೊಟ್ಟು ಅದಕ್ಕೆ ಬಲವನ್ನೂ ಕೊಟ್ಟಿದೆ. ವೃದ್ಧರನ್ನು ತೊರೆದು ಹೋದವನಿಗೆ ಮೂರು ತಿಂಗಳ ವರೆಗೆ ಸೆರೆ, 5,000 ರೂಪಾಯಿಯ ವರೆಗೆ ದಂಡ. ಇದೆಲ್ಲ ಸರಿ. ಮುಂದೆ 19ನೆಯ ಕಲಮಿಗೆ ಬಂದು, ಸರಕಾರದ ಸ್ವಂತ ಕರ್ತವ್ಯದ ಮಾತು ಬಂದೊಡನೆ ಭಾಷೆ ಮೆತ್ತಗಾಗುತ್ತದೆ. ರಾಜ್ಯ ಸರಕಾರವು ಜಿಲ್ಲೆಗೆ ಒಂದಾದರೂ ಎಂಬಂತೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಮನೆಗಳನ್ನು ಹಂತಹಂತವಾಗಿ ಸ್ಥಾಪಿಸಬಹುದು. ವೃದ್ಧಾಶ್ರಮಗಳು ಹೇಗಿರಬೇಕು, ಅಲ್ಲಿ ಯಾವ ಸೇವೆ ದೊರೆಯಬೇಕೆಂಬುದನ್ನು ನಿಯಮಿಸಬಹುದು. ಮಗನಿಗೆ "ತಕ್ಕದ್ದು", ಸರಕಾರಕ್ಕೆ "ಬಹುದು". ಕಾಗದಪತ್ರಗಳೊಡನೆ ಬಾಳು ಸವೆಸಿದ ನಮ್ಮ ಅಧಿಕಾರಿ ವಾಚಕರಿಗೆ ಈ ಎರಡು ಪದಗಳ ನಡುವಿನ ಅಂತರವನ್ನು ವಿವರಿಸಬೇಕಾಗಿಲ್ಲ.

ಆ ಅಂತರದ ಫಲವೇನೆಂಬುದು 2018ರ ಡಿಸೆಂಬರಿನಲ್ಲಿ ಬಯಲಾಯಿತು. ವೃದ್ಧರ ಹಕ್ಕುಗಳನ್ನು ಕುರಿತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ದೇಶದ ಪ್ರತಿ ಜಿಲ್ಲೆಯಲ್ಲಿ ವೃದ್ಧಾಶ್ರಮಗಳು ಎಷ್ಟಿವೆಯೆಂಬ ಮಾಹಿತಿಯನ್ನು ರಾಜ್ಯಗಳಿಂದ ತರಿಸಿಕೊಡಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಬೇಕಾಯಿತು. ಕಾಯಿದೆ ಬಂದು ಹನ್ನೊಂದು ವರ್ಷಗಳಾದ ಮೇಲೆ, ಮನೆಗಳನ್ನು ಕಟ್ಟುವ ಮಾತಿರಲಿ, ಇದ್ದವನ್ನು ಎಣಿಸುವ ಕೆಲಸಕ್ಕೆ ನ್ಯಾಯಾಲಯದ ಅಪ್ಪಣೆ ಬೇಕಾಯಿತು!

ಇನ್ನು ಖಾಸಗಿ ಮನೆಗಳ ಸಂಗತಿ. ಅನಾಥ ಮಕ್ಕಳ ಮನೆಯನ್ನು ಯಾರಾದರೂ ತೆರೆದರೆ 2015ರ ಬಾಲನ್ಯಾಯ ಕಾಯಿದೆಯಂತೆ ಅದನ್ನು ನೋಂದಾಯಿಸಲೇಬೇಕು. ನೋಂದಾಯಿಸದೆ ನಡೆಸಿದವನಿಗೆ ಒಂದು ವರ್ಷದ ವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿಗೆ ಕಡಿಮೆಯಲ್ಲದ ದಂಡ, ಅಥವಾ ಎರಡೂ. ಮಾತಾಡಲಾರದ ಕೂಸಿಗೆ ದೊರೆತ ಈ ರಕ್ಷಣೆ ಮಾತು ಮರೆತ ಮುದುಕಿಗೂ ದೊರೆಯಬಾರದೆ? 2007ರ ಕಾಯಿದೆಯಲ್ಲಿ ಖಾಸಗಿಯವನು ವೃದ್ಧರ ಮನೆಯನ್ನು ತೆರೆಯುವ ಮುನ್ನ ನೋಂದಾಯಿಸಲೇಬೇಕೆಂಬ ಕಲಮು ಇಲ್ಲ. ಈ ಲೋಪವು ಕೇಂದ್ರ ಸರಕಾರಕ್ಕೆ ಗೊತ್ತಿಲ್ಲದ್ದಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿಯ ಮಸೂದೆಯಲ್ಲಿ ವೃದ್ಧರ ಆರೈಕೆಯ ಮನೆಗಳ ನೋಂದಣಿ, ಅವುಗಳಿಗೆ ಕನಿಷ್ಠ ಮಟ್ಟ, ಮನೆಗೆ ಹೋಗಿ ಆರೈಕೆ ಮಾಡುವ ಏಜೆನ್ಸಿಗಳ ನೋಂದಣಿ, ಎಲ್ಲವೂ ಇದ್ದವು. ಜೀವನಾಂಶದ 10,000 ರೂಪಾಯಿಯ ಮಿತಿಯನ್ನೂ ಅದು ತೆಗೆದುಹಾಕುತ್ತಿತ್ತು. ಮಸೂದೆಯು ಸಮಿತಿಗೆ ಹೋಯಿತು, ಸಮಿತಿಯಿಂದ ವರದಿಯೂ ಬಂತು, ಬಳಿಕ ಅಲ್ಲಿಯೇ ಕುಳಿತಿತು. 2024ರಲ್ಲಿ ಆ ಲೋಕಸಭೆಯ ಅವಧಿ ತೀರಿದೊಡನೆ ತಾನೂ ತೀರಿಕೊಂಡಿತು. ನಾಲ್ಕೂವರೆ ವರ್ಷಗಳಲ್ಲಿ ಅದಕ್ಕೊಂದು ದಿನದ ಚರ್ಚೆಯ ಪುಣ್ಯವೂ ಒದಗಲಿಲ್ಲ.

ಕಾಯಿದೆಯ ಇನ್ನೊಂದು ಕುಂದನ್ನು ಹೂಡೆಯಲ್ಲಿ ನಿಂತು ನೋಡಿದರೆ ಮಾತ್ರ ಕಾಣುವುದು. ಅದು "ನಿರ್ಗತಿಕ"ರೆಂಬ ಪದ. ನಮ್ಮ ಕರಾವಳಿಯ ವೃದ್ಧರಲ್ಲಿ ನಿರ್ಗತಿಕರು ಇಲ್ಲವೆಂದಲ್ಲ; ಸಂಧ್ಯಾ ಸುರಕ್ಷಾ ವೇತನವೇ ಜೀವಾಧಾರವಾದವರು ಎಷ್ಟೋ ಮಂದಿ ಇದ್ದಾರೆ. 2021ರಲ್ಲಿ ಅದನ್ನು ತಿಂಗಳಿಗೆ 1,200 ರೂಪಾಯಿಗೆ ಏರಿಸಿದರು, ಎಂದರೆ ದಿನಕ್ಕೆ 40. ಒಂದು ಸೀಯಾಳಕ್ಕೂ ಒಂದು ಗುಳಿಗೆಗೂ ಸಾಲದ ಮೊಬಲಗು. ಅವರ ಕಷ್ಟವನ್ನು ಮುಂದೊಂದು ದಿನ ಪ್ರತ್ಯೇಕವಾಗಿ ಬರೆಯುವೆವು. ಆದರೆ ಹೂಡೆಯ ಆ ಬೀಗದ ಗೇಟಿನ ಒಳಗಿರುವ ಮುದುಕಿ ಯಾವ ಲೆಕ್ಕದಲ್ಲಿಯೂ ನಿರ್ಗತಿಕಳಲ್ಲ. ಆಕೆಯ ಮಗ ಆಕೆಯನ್ನು ತೊರೆದವನೂ ಅಲ್ಲ. ಆದುದರಿಂದ ಸರಕಾರದ ಆಶ್ರಮಕ್ಕೆ ಆಕೆ ಅರ್ಹಳಲ್ಲ. ನ್ಯಾಯಮಂಡಳಿಯ ಮುಂದೆ ಆಕೆಗೆ ದೂರಿಲ್ಲ. ಆಕೆಗೆ ಕಡಿಮೆಯಾದದ್ದು ಕಾಸಲ್ಲ, ಕೈ. ಈ ಬಡತನವನ್ನು ಅಳೆಯುವ ಕೋಲು ನಮ್ಮ ಸರಕಾರದ ಯಾವ ಇಲಾಖೆಯಲ್ಲಿಯೂ ಇಲ್ಲ.

ದೂರು ಇದ್ದವಳ ಪಾಡಾದರೂ ನೆಟ್ಟಗಿದೆಯೆ? ಜೀವನಾಂಶದ ನ್ಯಾಯಮಂಡಳಿಯು ಉಪವಿಭಾಗಾಧಿಕಾರಿಯದು. ನಮ್ಮ ಜಿಲ್ಲೆಯ ಉಪವಿಭಾಗದ ಕಚೇರಿ ಇರುವುದು ಕುಂದಾಪುರದಲ್ಲಿ. ಸೊಂಟ ಮುರಿದವಳು ಹೂಡೆಯಿಂದ ಬಸ್ಸು ಹತ್ತಿ, ಬಸ್ಸು ಬದಲಿಸಿ, ಕುಂದಾಪುರದ ಮೆಟ್ಟಲು ಏರಬೇಕು. ಆಕೆಯ ಪರವಾಗಿ ಬೇರೆಯವರು ಅರ್ಜಿ ಕೊಡಬಹುದು, ಮಂಡಳಿಯು ತಾನಾಗಿಯೇ ವಿಚಾರಣೆಗೆ ತೊಡಗಬಹುದು ಎಂದು ಕಾಯಿದೆಯಲ್ಲಿದೆ. ಆದರೆ ಅದನ್ನು ಆಕೆಗೆ ತಿಳಿಸುವವರು ಯಾರು? 2021ರಿಂದ ವೃದ್ಧರಿಗಾಗಿ 14567 ಎಂಬ ದೂರವಾಣಿಯಿದೆ; ಒಳ್ಳೆಯದೇ. ಬೆಳಗ್ಗೆ 8ರಿಂದ ರಾತ್ರಿ 8ರ ವರೆಗೆ ಅಲ್ಲಿ ಉತ್ತರ ದೊರೆಯುವುದು. ನಮ್ಮ ಅತ್ತೆಯವರ ಕೈಗೆ ಗಂಟು ಬೀಳುತ್ತಿದ್ದುದು ಎಂಟರ ಬಳಿಕ.

ಇಲ್ಲಿ ಕೆಲವರು ನಮ್ಮನ್ನು ತಡೆದು ಕೇಳುವರು: ಮುಪ್ಪಿನ ತಂದೆತಾಯಿಯರನ್ನು ನೋಡಿಕೊಳ್ಳುವುದು ಮನೆಯ ಧರ್ಮ, ಸಂಸ್ಕೃತಿಯ ವಿಷಯ, ಅದರಲ್ಲಿ ಸರಕಾರಕ್ಕೇನು ಕೆಲಸ? ಹಿಂದೆ ನಮ್ಮ ಹಿರಿಯರು ಯಾವ ಸರಕಾರವನ್ನು ಕೇಳಿದ್ದರು? ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಹಿಂದೆ ಏನಿತ್ತೆಂಬುದನ್ನು ಸರಿಯಾಗಿ ನೆನೆಯಬೇಕು. ಅಳಿಯಸಂತಾನದ ಕುಟುಂಬಗಳಲ್ಲಿ ಹೆಂಗಸು ಮುದುಕಿಯಾಗುತ್ತಿದ್ದುದು ತನ್ನ ತಾಯಿಯ ಮನೆಯಲ್ಲಿ, ತನ್ನ ಹಕ್ಕಿನ ನೆಲದಲ್ಲಿ, ಹೆಣ್ಣುಮಕ್ಕಳ ಮೊಮ್ಮಕ್ಕಳ ನಡುವೆ. ಸೊಸೆಯ ದಯೆಯ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಆಕೆಯನ್ನು ಸಾಕಿದ್ದು ಧರ್ಮ ಹೌದು, ಅದರ ಕೆಳಗೆ ಒಂದು ಆಸ್ತಿಯ ಕಟ್ಟಳೆಯೂ ಇತ್ತು. 1949ರ ಮದ್ರಾಸಿನ ಅಳಿಯಸಂತಾನ ಕಾಯಿದೆಯು ಕುಟುಂಬದ ಆಸ್ತಿಯ ಪಾಲಿಗೆ ದಾರಿಮಾಡಿತು. 1974ರ ಭೂಸುಧಾರಣೆಯಿಂದ ಉಳುವವನಿಗೆ ನೆಲ ಬಂತು. ಇವೆರಡೂ ನ್ಯಾಯವಾದುವೆಂದೇ ನಮ್ಮ ಅಭಿಪ್ರಾಯ. ಆದರೆ ದೊಡ್ಡ ಮನೆಯ ತೊಲೆಗಳನ್ನು ಬಿಚ್ಚಿದುದರಲ್ಲಿ ಸರಕಾರದ ಕೈಯೂ ಇರುವಾಗ, ಆ ಮನೆಯ ನೆರಳಿನಲ್ಲಿದ್ದವರ ಚಿಂತೆ ಸರಕಾರದ್ದಲ್ಲವೆನ್ನುವುದು ಸಲ್ಲದು. ಮತ್ತೂ ಒಂದು ಮಾತು. ಆಗಿನ ಕಾಲದಲ್ಲಿ ಸೊಂಟ ಮುರಿದ ಮುದುಕಿ ಬಹಳ ಕಾಲ ಬದುಕುತ್ತಿರಲಿಲ್ಲ. ಈಗ ಔಷಧಿಯ ಬಲದಿಂದ ಹತ್ತು ವರ್ಷ ಹಾಸಿಗೆಯಲ್ಲಿ ಬದುಕುವುದು ಸಾಧ್ಯವಾಗಿದೆ. ಹತ್ತು ವರ್ಷದ ಆ ಆರೈಕೆಗೆ ಹಿರಿಯರ ಸಂಪ್ರದಾಯದಲ್ಲಿ ಮಾದರಿಯೇ ಇಲ್ಲ.

ಸಂಸ್ಕೃತಿಯನ್ನು ಸರಕಾರ ತಿದ್ದಲಾರದೆಂಬ ಮಾತನ್ನೂ ನಾವು ಒಪ್ಪಲಾರೆವು. ಹೆರಿಗೆಯ ಸಂಗತಿಯನ್ನೇ ನೋಡಿ. 1923ರಲ್ಲಿ ಬಾಸೆಲ್ ಮಿಶನ್ನಿನ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಮಹಿಳೆ ಉಡುಪಿಯಲ್ಲಿ ಆಸ್ಪತ್ರೆ ತೆರೆದ ಕಾಲಕ್ಕೆ ಹೆರಿಗೆಗೆ ಆಸ್ಪತ್ರೆಗೆ ಹೋಗುವುದು ಮನೆತನಕ್ಕೆ ಕುಂದೆಂದು ಎಣಿಸುವ ಮನೆಗಳು ಬಹಳ ಇದ್ದವು. ಆ ಎಣಿಕೆ ಉಪದೇಶದಿಂದ ಹೋಗಲಿಲ್ಲ. ಊರೂರಿಗೆ ದಾದಿಯರನ್ನು ನೇಮಿಸಿ, ಅವರು ಬಿಸಿಲಲ್ಲಿ ಮಳೆಯಲ್ಲಿ ನಡೆದು, ಬಸುರಿಯರ ಹೆಸರು ಬರೆದುಕೊಂಡು, 2005ರಿಂದ ಆಶಾ ಕಾರ್ಯಕರ್ತೆಯರೂ ಕೂಡಿ, ಕೈಹಿಡಿದು ಕರೆದುಕೊಂಡು ಹೋದುದರಿಂದ ಹೋಯಿತು. ಇಂದು ಹೂಡೆಯಲ್ಲಿ ಮನೆಯಲ್ಲಿಯೇ ಹೆರಿಗೆಯಾಯಿತೆಂದರೆ ನೆರೆಯವರು ಬೆರಗಾಗುವರು. ಒಂದು ಜೀವ ಲೋಕಕ್ಕೆ ಬರುವಾಗ ಸರಕಾರವು ಮಾಡಿದ್ದನ್ನು, ಹೊರಡುವ ಜೀವಕ್ಕೂ ಮಾಡಬಹುದಲ್ಲವೆ?

ಮಾಡಿದವರು ದೂರದಲ್ಲಿಲ್ಲ. ಹೂಡೆಯಿಂದ ಎರಡು ಗಂಟೆಯ ಹಾದಿ ತೆಂಕಣಕ್ಕೆ ಹೋಗಿ ತಲಪಾಡಿಯ ಗಡಿ ದಾಟಿದರೆ ಮಂಜೇಶ್ವರ. ಅದೇ ತುಳು, ಅದೇ ಕನ್ನಡ, ಅದೇ ಕುಚ್ಚಲಕ್ಕಿಯ ಗಂಜಿ. ಸರಕಾರ ಮಾತ್ರ ಬೇರೆ. 1993ರಲ್ಲಿ ಕೋಝಿಕ್ಕೋಡಿನ ಕೆಲವು ವೈದ್ಯರು, ಗುಣವಾಗದ ಕಾಯಿಲೆಯವರ ನೋವನ್ನಾದರೂ ಇಳಿಸಬೇಕೆಂದು ಒಂದು ಸಂಘ ಕಟ್ಟಿದರು. ಅದು ಮಲಪ್ಪುರಕ್ಕೆ ಹಬ್ಬಿದಾಗ ನೆರೆಕರೆಯ ಸಾಮಾನ್ಯ ಜನರೇ, ಮೇಷ್ಟ್ರು, ಅಂಗಡಿಯವ, ವಿದ್ಯಾರ್ಥಿ, ವಾರಕ್ಕೆ ಒಂದೆರಡು ಗಂಟೆ ಕೊಟ್ಟು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರವು ಅದನ್ನು ತನ್ನ ನೀತಿಯನ್ನಾಗಿ ಮಾಡಿಕೊಂಡು, ಪಂಚಾಯತುಗಳ ಮೂಲಕ ದಾದಿಯರನ್ನು ನಿಯಮಿಸುವ ಕ್ರಮವನ್ನು ತಂದಿತು. ದಾದಿಯು ಮನೆಗೆ ಬಂದು ಹುಣ್ಣು ತೊಳೆದು ಕಟ್ಟುವಳು, ಮೂತ್ರದ ನಳಿಕೆ ಬದಲಿಸುವಳು, ಮಗ್ಗುಲು ಹೊರಳಿಸುವ ರೀತಿಯನ್ನು ಮನೆಯವರಿಗೆ ಕಲಿಸುವಳು. ಅಲ್ಲಿ ಎಲ್ಲವೂ ಸೊಗಸಾಗಿದೆಯೆಂದು ನಾವು ಹೇಳುವುದಿಲ್ಲ. ಆದರೆ ಮುದುಕಿ ಆಸ್ಪತ್ರೆಗೆ ಹೋಗಬೇಕೆಂಬ ನಮ್ಮ ಲೆಕ್ಕವನ್ನು ತಿರುಗಿಸಿ, ಆಸ್ಪತ್ರೆಯೇ ಮುದುಕಿಯ ಹತ್ತಿರ ಹೋಗಬೇಕೆಂಬ ಲೆಕ್ಕವನ್ನು ಅವರು ಹಾಕಿಕೊಂಡಿದ್ದಾರೆ.

ನಮ್ಮಲ್ಲಿ ಯೋಜನೆಗಳಿಲ್ಲದಿಲ್ಲ. 2010ರಲ್ಲಿ ಮೊದಲಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಂತೆ ಜಿಲ್ಲಾ ಆಸ್ಪತ್ರೆಗಳಲ್ಲಿ ಅವರಿಗಾಗಿ 10 ಹಾಸಿಗೆಯ ವಾರ್ಡು ಇರಬೇಕು. 2024ರ ಅಕ್ಟೋಬರಿನಿಂದ 70 ವರ್ಷ ಮೀರಿದ ಎಲ್ಲರಿಗೂ, ಬಡವ ಬಲ್ಲಿದನೆನ್ನದೆ, ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಸಾರಲಾಗಿದೆ. ಅದೇ ವರ್ಷ ರಾಜ್ಯ ಸರಕಾರವು ಗೃಹ ಆರೋಗ್ಯವೆಂದು ಮನೆಮನೆಯಲ್ಲಿ ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸುವ ಕೆಲಸವನ್ನು ತೊಡಗಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ 5 ಲಕ್ಷವು ಆಸ್ಪತ್ರೆಯ ಒಳಗಿನ ಹಣ; ಹನ್ನೊಂದನೆಯ ದಿನ ಮನೆಗೆ ಬಂದವಳಿಗೆ ಅದರಿಂದ ಒಂದು ಹೊತ್ತಿನ ದಾದಿಯೂ ದೊರೆಯುವುದಿಲ್ಲ. ಪರೀಕ್ಷೆ ಬೇರೆ, ಶುಶ್ರೂಷೆ ಬೇರೆ.

ಈ ಜಿಲ್ಲೆಯಲ್ಲಿ ದಾದಿಯರಿಲ್ಲವೆ? ಇದಕ್ಕಿಂತ ವಿಚಿತ್ರವಾದ ಮಾತು ಮತ್ತೊಂದಿಲ್ಲ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ನೆಟ್ಟಂದಿನಿಂದ ಮಣಿಪಾಲವು ಲೋಕಕ್ಕೆ ವೈದ್ಯರನ್ನು ಕೊಡುತ್ತ ಬಂದಿದೆ; ಉಡುಪಿ ಮಂಗಳೂರುಗಳ ನರ್ಸಿಂಗ್ ಶಾಲೆಗಳಿಂದ ವರ್ಷವರ್ಷವೂ ಹುಡುಗಿಯರು ಹೊರಬರುತ್ತಾರೆ. ಅವರು ಇಂಗ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ, ಕೊಲ್ಲಿಯ ದೇಶಗಳಲ್ಲಿ ಪರರ ತಾಯಿತಂದೆಯರಿಗೆ ತುತ್ತುಣಿಸುತ್ತಿದ್ದಾರೆ. ಹೋಗುವವರನ್ನು ನಾವು ದೂರಲಾರೆವು. ಇಲ್ಲಿ ಖಾಸಗಿಯಲ್ಲಿ ದುಡಿಯುವ ದಾದಿಯ ಸಂಬಳವನ್ನು ಕೇಳಿದವರು ದೂರಲಾರರು. ಹೊರದೇಶದವರು ಆರೈಕೆಗೆ ಬೆಲೆ ಕಟ್ಟಲು ಕಲಿತರು. ಜರ್ಮನಿಯಲ್ಲಿ 1995ರಿಂದಲೂ ಜಪಾನಿನಲ್ಲಿ 2000ದಿಂದಲೂ ಮುಪ್ಪಿನ ಆರೈಕೆಗೆಂದೇ ಪ್ರತ್ಯೇಕ ವಿಮೆಯಿದೆ. ಜಪಾನಿನಲ್ಲಿ 40 ತುಂಬಿದ ಪ್ರತಿಯೊಬ್ಬನೂ ಅದಕ್ಕೆ ವಂತಿಗೆ ಕೊಡತಕ್ಕದ್ದು. ಅಮೆರಿಕದಲ್ಲಿ ನರ್ಸಿಂಗ್ ಹೋಮುಗಳ ಅವಸ್ಥೆಯು ದೇಶಕ್ಕೆ ನಾಚಿಕೆಯಾಗಿದ್ದ ಕಾಲದಲ್ಲಿ 1987ರ ಕಾಯಿದೆ ಬಂದು, ನೌಕರರ ಅನುಕೂಲಕ್ಕಾಗಿ ಯಾವ ವೃದ್ಧನನ್ನೂ ಕಟ್ಟಿಹಾಕಕೂಡದೆಂಬ ಹಕ್ಕನ್ನು ಬರೆದಿಟ್ಟಿತು. ಅಲ್ಲಿಯ ಕಷ್ಟಗಳು ಅದರಿಂದ ಮುಗಿಯಲಿಲ್ಲ. ಆದರೆ ಕಟ್ಟುವುದು ಆರೈಕೆಯ ಒಂದು ರೀತಿಯೆಂದು ಯಾವ ಮೇಲ್ವಿಚಾರಕಿಯೂ ಶಾಂತವಾಗಿ ಹೇಳುವಂತಿಲ್ಲ. ಸಂಸ್ಕೃತಿ ತಿದ್ದುವುದೆಂದರೆ ಇದೇ.

ಸರಕಾರದವರು ಇದನ್ನು ದಾನಿಗಳಿಗೆ ಬಿಟ್ಟು ಕೈತೊಳೆದುಕೊಳ್ಳುವ ಅಪಾಯವೂ ಇದೆ. ದಾನಿಗಳ ವಿಷಯದಲ್ಲಿ ಉಡುಪಿ ಭಾಗ್ಯವಂತ ಊರು. 1906ರಲ್ಲಿ ಬ್ಯಾಂಕು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಸರಕಾರಿ ಆಸ್ಪತ್ರೆಗೆ ಕೊಟ್ಟ ನೆಲದ ಮಾತನ್ನು ಇಂದಿಗೂ ಜನ ಕೃತಜ್ಞತೆಯಿಂದ ಆಡುತ್ತಾರೆ. ಅದೇ ನೆಲದಲ್ಲಿ 2017ರಲ್ಲಿ ಹೆಂಗಸರ ಮತ್ತು ಮಕ್ಕಳ 200 ಹಾಸಿಗೆಯ ಹೊಸ ಆಸ್ಪತ್ರೆಯು ಖಾಸಗಿ ದಾನಿಯ ಆಡಳಿತದಲ್ಲಿ ತೆರೆಯಿತು. ಚಿಕಿತ್ಸೆ ಧರ್ಮಾರ್ಥ, ಕಟ್ಟಡ ಅರಮನೆಯಂತೆ. ಕೆಲವೇ ವರ್ಷಗಳಲ್ಲಿ ದಾನಿಯ ಉದ್ಯಮವು ಬೇರೆ ಕಡೆ ಕುಸಿಯಲು, ಇಲ್ಲಿ ನೌಕರರು ಸಂಬಳವಿಲ್ಲದೆ ಮುಷ್ಕರಕ್ಕೆ ಕುಳಿತರು; ಕೊನೆಗೆ ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ದಾನಿಯ ಉದ್ದೇಶವನ್ನು ನಾವು ಸಂಶಯಿಸುವುದಿಲ್ಲ. ಒಬ್ಬನ ವ್ಯಾಪಾರದ ಏರಿಳಿತಕ್ಕೆ ರೋಗಿಯ ಮಂಚವನ್ನು ಕಟ್ಟಿಡಬಾರದೆಂದಷ್ಟೇ ಹೇಳುತ್ತೇವೆ. ಮಠಗಳೂ ಇಗರ್ಜಿಗಳೂ ಜಮಾತುಗಳೂ ನಡೆಸುವ ಮನೆಗಳಲ್ಲಿ ಹೃದಯವುಳ್ಳ ಸೇವೆಯನ್ನು ನಾವು ಕಂಡಿದ್ದೇವೆ. ಅಲ್ಲಿಯೂ ವರ್ಷಕ್ಕೆರಡು ಸಲ ಹೊರಗಿನ ಕಣ್ಣು ಬಿದ್ದರೆ ಸೇವೆಗೆ ಕುಂದಿಲ್ಲ.

ಈಗ ಮಾಡತಕ್ಕದ್ದೇನು? ರಾಜ್ಯ ಸರಕಾರವು ದಿಲ್ಲಿಯ ತಿದ್ದುಪಡಿಗೆ ಕಾಯಬೇಕಾಗಿಲ್ಲ. ಮನೆಗಳ ಮಟ್ಟವನ್ನು ನಿಯಮಿಸುವ ಅಧಿಕಾರ ಅದೇ 19ನೆಯ ಕಲಮಿನಲ್ಲಿ ಅದಕ್ಕಿದೆ, ಸಾಲದಿದ್ದರೆ ವಿಧಾನಸಭೆಯಿದೆ. ಹಣ ಪಡೆದು ವೃದ್ಧರನ್ನು ಇಟ್ಟುಕೊಳ್ಳುವ ಪ್ರತಿಯೊಂದು ಮನೆಯೂ ಹೋಂ ನರ್ಸ್ ಕಳುಹಿಸುವ ಪ್ರತಿಯೊಂದು ಏಜೆನ್ಸಿಯೂ ನೋಂದಾಯಿಸಲ್ಪಡಬೇಕು. ಇರುಳಲ್ಲಿ ಎಷ್ಟು ಮಂದಿಗೆ ಎಷ್ಟು ಕೈಗಳೆಂಬುದನ್ನು ಬರೆದು ಬಾಗಿಲಿನ ಮೇಲೆ ತೂಗಹಾಕಬೇಕು. ನೋಡಲು ಬರುವ ಅಧಿಕಾರಿ ಹಗಲು ಹನ್ನೊಂದಕ್ಕೆ ಕಾರಿನಲ್ಲಿ ಬಂದು ಚಹ ಕುಡಿದು ಹೋದರೆ ಪ್ರಯೋಜನವಿಲ್ಲ. ಬೆಳಗ್ಗೆ ಐದಕ್ಕೆ ಬರಬೇಕು. ತುಳುವಲ್ಲದೆ ಬೇರೆ ಮಾತು ಬಾರದ ಮುದುಕಿಯ ಹತ್ತಿರ ತುಳು ಬಲ್ಲವಳೊಬ್ಬಳಿರಬೇಕು. ಮೀನು ಉಣ್ಣುವವನಿಗೆ ಮೀನು, ಉಣ್ಣದವನಿಗೆ ಬೇರೆ ಒಲೆ. ನಮಾಜಿನ ಚಾಪೆ, ಜಪಸರ, ಸಂಜೆಯ ಭಜನೆ, ಇವು ಔಷಧಿಯಷ್ಟೇ ಬೇಕಾದುವೆಂದು ನಿಯಮದಲ್ಲಿಯೇ ಬರೆಯಬೇಕು. ಅಂಥ ಸಂಗತಿಗಳನ್ನು ನಿಯಮದಲ್ಲಿ ಬರೆಯುವರೆ ಎಂದು ನಗುವವರು, ಸಾರಿಲ್ಲದ ತಟ್ಟೆಯೆದುರು ಬಾಯಿ ಮುಚ್ಚಿ ಕುಳಿತ ಎಂಬತ್ತರ ಹಿರಿಯರನ್ನು ನೋಡಿಲ್ಲ.

ಇವೆಲ್ಲಕ್ಕಿಂತ ಮೊದಲು ಬರಬೇಕಾದದ್ದು ಪಂಚಾಯತಿಗೊಬ್ಬಳು ಕಲಿತ ದಾದಿ, ಸರಕಾರದ ಸಂಬಳದಲ್ಲಿ, ಹಾಸಿಗೆ ಹಿಡಿದವರ ಮನೆಗೆಂದೇ. ಹಣವೆಲ್ಲಿಂದ ಎಂದು ಕೇಳುವರು. ಉಳ್ಳವರಿಂದ ತೆಗೆದುಕೊಳ್ಳಿ! ಹೂಡೆಯ ಮಕ್ಕಳು ಏಜೆನ್ಸಿಗಳಿಗೆ ತೆರುತ್ತಿರುವುದನ್ನು ಪಂಚಾಯತಿಗೆ ತೆರಲು ಹಿಂಜರಿಯರು, ಬಂದವಳು ನಿಜವಾಗಿ ದಾದಿಯೆಂಬ ಭರವಸೆ ಒಂದಿದ್ದರೆ. ಇಲ್ಲದವರಿಗೆ ಧರ್ಮಾರ್ಥವಾಗಲಿ.

ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಕರಾವಳಿಯ ಶಾಸಕರು ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಬೇಕೆಂದು ನಮ್ಮ ವಿಜ್ಞಾಪನೆ. ಉಡುಪಿ ಜಿಲ್ಲೆಯಲ್ಲಿ ಹಣ ಪಡೆದು ವೃದ್ಧರನ್ನು ಇಟ್ಟುಕೊಂಡಿರುವ ಮನೆಗಳು ಎಷ್ಟು? ಅವುಗಳಲ್ಲಿ ಪ್ರತಿಯೊಂದನ್ನು ಸರಕಾರದ ಅಧಿಕಾರಿ ಕೊನೆಯ ಸಲ ನೋಡಿದ ದಿನಾಂಕವೇನು? ಆ ದಿನ ಅವರು ಅಲ್ಲಿಗೆ ಹೋದ ಹೊತ್ತೆಷ್ಟು? ಸಚಿವರ ಉತ್ತರವು ಬಂದೊಡನೆ ಅದನ್ನು ಇದೇ ಪುಟದಲ್ಲಿ, ಒಂದಕ್ಷರವನ್ನೂ ಬಿಡದೆ, ಪ್ರಕಟಿಸುವೆವು.